ಹಬ್ಬದ ಛಾಯಾಚಿತ್ರಕ್ಕೆ ಬೇಕಾದ ಶಾಸನ

ನಮ್ಮ ಹಬ್ಬ, ಜಾತ್ರೆ, ಉತ್ಸವಗಳ ಛಾಯಾಚಿತ್ರಗಳಿಗೆ ಇಂದು ಬರವಿಲ್ಲ. ಒಂದು ಕಾಲಕ್ಕೆ ಹೋಬಳಿಗೊಬ್ಬ ಛಾಯಾಗ್ರಾಹಕ ದೊರೆಯುವುದೇ ದುರ್ಲಭವಾಗಿತ್ತು. ಈಗ ತೇರಿನ ಹಗ್ಗ ಹಿಡಿದವರಿಗಿಂತ ಕ್ಯಾಮರಾ ಹಿಡಿದವರೇ ಹೆಚ್ಚಾಗಿ ಕಾಣುತ್ತಾರೆ. ಉತ್ಸವಗಳನ್ನು ಚಿತ್ರಿಸುವುದಕ್ಕಾಗಿಯೇ ಊರೂರು ಸುತ್ತುವ ಪ್ರವಾಸಿಗಳ ಒಂದು ವರ್ಗವೇ ಬೆಳೆದಿದೆ. ಇದರಿಂದಾಗಿ ನಮ್ಮ ಸಾಂಪ್ರದಾಯಿಕ ಸಂಸ್ಕೃತಿಯ ದಾಖಲಾತಿ ಸಮೃದ್ಧವಾಗಿ ನಡೆಯುತ್ತಿದೆ ಎಂಬ ಭಾವನೆ ವಿದ್ವಾಂಸರಲ್ಲಿಯೂ ಇದೆ. ಈ ಭಾವನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಿತ್ರಗಳ ರಾಶಿ ತಾನಾಗಿಯೇ ದಾಖಲೆಯಾಗಲಾರದು. ಯಾರು, ಎಲ್ಲಿ, ಎಂದು, ಯಾವ ನಿಮಿತ್ತ ಎಂಬ ಬರಹ ಜೊತೆಗಿದ್ದಾಗ ಮಾತ್ರ ಛಾಯಾಚಿತ್ರಕ್ಕೆ ದಾಖಲೆಯ ಯೋಗ್ಯತೆ ಬರುತ್ತದೆ. ಆ ಬರಹವನ್ನು ಒದಗಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ವಿಶೇಷವಾಗಿ ಹೊರನಾಡಿನ ವಿಭಾಗಗಳು, ಹೊರಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಸ್ಪಷ್ಟಪಡಿಸಲು ಠಾಕುರ್ಲಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಧ್ಯ ರೈಲ್ವೆಯ ಹಾದಿಯಲ್ಲಿ ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಇರುವ ಈ ಊರು, ಒಂದು ಕಾಲಕ್ಕೆ ರೈಲುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಚೋಳಾ ವಿದ್ಯುತ್ ಸ್ಥಾವರದಿಂದ ಹೆಸರಾಗಿತ್ತು. ಇಲ್ಲಿನ ಮೂಲನಿವಾಸಿಗಳಾದ ಆಗರಿ ಜನರ ಪಕ್ಕದಲ್ಲಿ ರೈಲ್ವೆ ನೌಕರರೂ, ಮುಂಬಯಿಯಲ್ಲಿ ಮನೆ ಕೊಳ್ಳಲಾಗದೆ ಉಪನಗರಗಳನ್ನು ಅರಸಿ ಬಂದ ಮಧ್ಯಮವರ್ಗದವರೂ ನೆಲೆನಿಂತರು. ಅವರಲ್ಲಿ ಉಡುಪಿ, ಮಂಗಳೂರಿನ ಕಡೆಯ ತುಳು-ಕನ್ನಡಿಗರಿದ್ದಾರೆ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಬಂದವರಿದ್ದಾರೆ. ಪಕ್ಕದ ಡೊಂಬಿವಲಿಯಲ್ಲಿ 1999ರಲ್ಲಿ ಗಣೇಶ ಮಂದಿರ ಸಂಸ್ಥಾನದ ನೇತೃತ್ವದಲ್ಲಿ ಗುಡಿಪಾಡ್ವದ ದಿನ ಹೊಸ ವರ್ಷದ ಸ್ವಾಗತಯಾತ್ರೆ ಆರಂಭವಾಯಿತು. ಮುಂದೆ ಠಾಣೆ, ಗಿರಗಾಂವ್ ಮೊದಲಾದೆಡೆಗಳಲ್ಲಿಯೂ ಇಂತಹ ಯಾತ್ರೆಗಳು ಹಬ್ಬಿದವು. ಒಂಬತ್ತು ಗಜದ ಸೀರೆಯುಟ್ಟು ಮೋಟಾರು ಸೈಕಲ್ ಏರಿದ ಮಹಿಳೆಯರು, ಲೇಜಿಮ್ ತಂಡಗಳು, ಢೋಲು-ತಾಶೆಗಳ ಮೇಳ, ಸ್ತಬ್ಧಚಿತ್ರಗಳ ವಾಹನಗಳು — ಇವುಗಳ ಚಿತ್ರಗಳು ಮರುದಿನದ ಪತ್ರಿಕೆಗಳಲ್ಲೆಲ್ಲ ತುಂಬಿರುತ್ತವೆ. ಈ ಉತ್ಸವಕ್ಕೆ ಇನ್ನೂ ಮೂರು ದಶಕಗಳೂ ತುಂಬಿಲ್ಲ. ಅದು ಬೆಳೆದ ರೀತಿಯಲ್ಲಿ ಕ್ಯಾಮರಾದ ಪಾಲೂ ಇದೆ. ಚಿತ್ರಕ್ಕೆ ಒಪ್ಪುವ ಅಂಶಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ, ಒಪ್ಪದವು ಹಿಂದೆ ಸರಿಯುತ್ತವೆ. ಹೊಸ ಸಂಪ್ರದಾಯಗಳು ಹುಟ್ಟುವುದು ತಪ್ಪೇನಲ್ಲ. ಆದರೆ ಆ ಹುಟ್ಟಿನ ಸಮಯವನ್ನೂ ಕಾರಣವನ್ನೂ ಬರೆದಿಡದೆ ಹೋದರೆ, ಐವತ್ತು ವರ್ಷಗಳ ಅನಂತರ ಈ ಚಿತ್ರಗಳನ್ನು ನೋಡುವವನು ಇದನ್ನು ಅನಾದಿಕಾಲದ ಆಚರಣೆಯೆಂದೇ ತಿಳಿಯುವನು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಅದೇ ದಿನ ಠಾಕುರ್ಲಿಯ ಒಂದೇ ಕಟ್ಟಡದಲ್ಲಿ ಮೂರು ಬಗೆಯ ಬಾಗಿಲುಗಳನ್ನು ಕಾಣಬಹುದು. ಒಂದು ಮನೆಯ ಕಿಟಕಿಯಲ್ಲಿ ರೇಷ್ಮೆಬಟ್ಟೆ, ಬೇವಿನ ಸೊಪ್ಪು, ಸಕ್ಕರೆ ಸರ, ಮೇಲೆ ಬೋರಲು ಹಾಕಿದ ತಂಬಿಗೆ ಇರುವ ಗುಡಿ ನಿಂತಿರುತ್ತದೆ. ಎದುರು ಮನೆಯ ಧಾರವಾಡದವರು ಮಾವಿನ ತೋರಣ ಕಟ್ಟಿ, ದೇವರ ಮುಂದೆ ಬೇವು-ಬೆಲ್ಲ ಇಟ್ಟು, ಪಂಚಾಂಗ ಕೇಳುತ್ತಾರೆ. ಮೇಲಿನ ಮಹಡಿಯ ತುಳು ಕುಟುಂಬಕ್ಕೆ ಅಂದು ಹೊಸ ವರ್ಷವೇ ಅಲ್ಲ. ಸೌರಮಾನವನ್ನು ಅನುಸರಿಸುವ ಅವರು ಏಪ್ರಿಲ್ ನಡುವೆ ಬರುವ ಬಿಸುವಿಗೆ ಕಾಯುತ್ತಾರೆ, ಅಂದು ಕಣಿ ಇಡುತ್ತಾರೆ. ಪ್ರವಾಸಿ ಛಾಯಾಗ್ರಾಹಕನಿಗೆ ದೊರೆಯುವುದು ಗುಡಿ ಮಾತ್ರ, ಅದು ಎತ್ತರದಲ್ಲಿದೆ, ಬಣ್ಣದಿಂದ ಕೂಡಿದೆ. ಬೇವು-ಬೆಲ್ಲದ ಕಹಿ-ಸಿಹಿಯ ಅರ್ಥ ಚಿತ್ರಕ್ಕೆ ಸಿಗದು. ಮೇಲಿನ ಮಹಡಿಯವರು ಅಂದು ಏನನ್ನೂ ಮಾಡದಿರುವುದಂತೂ ಚಿತ್ರವಾಗಲು ಸಾಧ್ಯವೇ ಇಲ್ಲ. ಆದರೆ ಸಂಸ್ಕೃತಿಯ ಅಭ್ಯಾಸಿಗೆ ಈ ಮೂರೂ ಸಮಾನವಾಗಿ ಮುಖ್ಯ. ಕಣ್ಣಿಗೆ ಹೊಡೆಯುವಂತೆ ಕಾಣುವುದನ್ನೇ ಒಂದು ಪ್ರದೇಶದ ಸಂಸ್ಕೃತಿ ಎಂದು ಎಣಿಸಿದರೆ, ಒಂದೇ ಸೂರಿನ ಕೆಳಗಿನ ಬಹುತ್ವ ಮರೆಯಾಗುತ್ತದೆ. ಅದರಲ್ಲಿ ಮೊದಲು ಮರೆಯಾಗುವವರು ಅಲ್ಪಸಂಖ್ಯೆಯ ಭಾಷಿಕರು, ಎಂದರೆ ಇಲ್ಲಿ ನಾವೇ.

ಚಿತ್ರ ಮತ್ತು ಬರಹಗಳ ಸಂಬಂಧವನ್ನು ಕುರಿತು ಯೋಚಿಸಲು ನಾವು ಹೊರಗಿನ ಸಿದ್ಧಾಂತಗಳನ್ನು ಅರಸಬೇಕಾಗಿಲ್ಲ. ಕನ್ನಡನಾಡಿನ ವೀರಗಲ್ಲುಗಳೇ ಅದಕ್ಕೆ ಉತ್ತಮ ಮಾದರಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಶಕ ವರ್ಷ 872ರದು, ಅಂದರೆ ಕ್ರಿ.ಶ. 949-50ರದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿಯೊಂದು ಹಂದಿಯೊಡನೆ ಕಾದಾಡುವ ಉಬ್ಬುಚಿತ್ರವಿದೆ. ಚಿತ್ರ ಮಾತ್ರ ಇದ್ದಿದ್ದರೆ ಅದು ಒಂದು ಬೇಟೆಯ ದೃಶ್ಯವಾಗಿ ಉಳಿಯುತ್ತಿತ್ತು. ಸುತ್ತಲಿನ ಬರಹ ಅದನ್ನು ಇತಿಹಾಸವನ್ನಾಗಿ ಮಾಡಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ಬೂತುಗನು ಮೆಚ್ಚಿ ಕೊಟ್ಟ ನಾಯಿ ಅದು. ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಪೂಜಿಸದೆ ಉಂಡರೆ ಪಾಪವೆಂದು ಗೊರವನಿಗೆ ವಿಧಿಸಿದರು. ಆ ನಾಯಿಯ ಹೆಸರು ಕಾಳಿ ಎಂಬುದೂ ನಮಗೆ ತಿಳಿದಿದೆ. ಸಾವಿರ ವರ್ಷಗಳ ಹಿಂದಿನ ಒಂದು ನಾಯಿಯ ಹೆಸರು ನಮಗೆ ತಿಳಿದಿರುವಾಗ, ಕಳೆದ ವರ್ಷದ ಜಾತ್ರೆಯ ಚಿತ್ರದಲ್ಲಿ ಕುಣಿಯುತ್ತಿರುವ ಮನುಷ್ಯನ ಹೆಸರು ತಿಳಿಯದಿರುವುದು ಯೋಚಿಸತಕ್ಕ ಸಂಗತಿ.

ಬರಹವಿಲ್ಲದ ಚಿತ್ರದ ಗತಿಗೂ ಉದಾಹರಣೆ ನಮ್ಮ ಸಮೀಪದಲ್ಲಿಯೇ ಇದೆ. ಬೋರಿವಲಿಯ ಏಕ್ಸರ್‌ನಲ್ಲಿ ಹಡಗುಗಳ ಯುದ್ಧವನ್ನು ಕೆತ್ತಿದ ವೀರಗಲ್ಲುಗಳಿವೆ. ಹುಟ್ಟು ಹಾಕುವವರ ಸಾಲು, ಕಡಲ ಕಾಳಗ, ಸ್ವರ್ಗಾರೋಹಣ ಎಲ್ಲವೂ ವಿವರವಾಗಿ ಮೂಡಿವೆ. ಆದರೆ ಮಡಿದ ವೀರ ಯಾರು, ಯಾವ ಅರಸನ ಕಾಲದ ಯುದ್ಧ ಎಂಬುದನ್ನು ಹೇಳುವ ಬರಹ ಅಲ್ಲಿ ಓದಲು ದೊರೆಯುವುದಿಲ್ಲ. ಉತ್ತರ ಕೊಂಕಣದ ಶಿಲಾಹಾರರಿಗೂ ದೇವಗಿರಿಯ ಯಾದವರಿಗೂ 13ನೆಯ ಶತಮಾನದಲ್ಲಿ ನಡೆದ ಹೋರಾಟದೊಡನೆ ಅದನ್ನು ವಿದ್ವಾಂಸರು ಜೋಡಿಸುತ್ತಾರೆ. ಅದು ಊಹೆಯೇ ಹೊರತು ನಿರ್ಣಯವಲ್ಲ. ಶಿಲ್ಪಿಯ ಕೌಶಲ ಎಷ್ಟೇ ಇದ್ದರೂ ಒಂದು ಸಾಲಿನ ಬರಹದ ಕೊರತೆಯನ್ನು ಅದು ತುಂಬಲಾರದು. ನಮ್ಮ ಇಂದಿನ ಉತ್ಸವಚಿತ್ರಗಳಲ್ಲಿ ಹೆಚ್ಚಿನವು ಏಕ್ಸರ್‌ನ ಕಲ್ಲುಗಳಂತೆ ಇವೆ. ಅವು ಆತಕೂರಿನ ಕಲ್ಲಿನಂತೆ ಆಗಬೇಕು.

ಛಾಯಾಗ್ರಹಣವು ಭಾರತದಲ್ಲಿ ಬೇರೂರಿದ ಆರಂಭದ ಕೇಂದ್ರಗಳಲ್ಲಿ ಮುಂಬಯಿಯೂ ಒಂದು. ಇಲ್ಲಿ ಛಾಯಾಗ್ರಾಹಕರ ಸಂಘ 1854ರಲ್ಲಿಯೇ ಸ್ಥಾಪನೆಯಾಯಿತು. ಮುಂಬಯಿ ಸರ್ಕಾರವು ನೇಮಿಸಿದ ಬಿಗ್ಸ್ ಮತ್ತು ಪಿಗೊ ಇವರು ತೆಗೆದ ಚಿತ್ರಗಳ ಬಲದಿಂದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೆಡೋಸ್ ಟೇಲರ್ ಇತಿಹಾಸವನ್ನೂ ಫರ್ಗ್ಯುಸನ್ ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು. ಕಟ್ಟಡಗಳಿಗೆ ದೊರೆತ ಈ ಗೌರವ ಮನುಷ್ಯರಿಗೆ ದೊರೆಯಲಿಲ್ಲ. ವಿಲಿಯಂ ಜಾನ್ಸನ್ 1863 ಮತ್ತು 1866ರಲ್ಲಿ ಮುಂಬಯಿಯ ಜನವರ್ಗಗಳನ್ನು ಕುರಿತು ಎರಡು ಸಂಪುಟಗಳನ್ನು ಪ್ರಕಟಿಸಿದ. ಅದರಲ್ಲಿ ಜನರನ್ನು ಒಂದೆಡೆ ನಿಲ್ಲಿಸಿ ಚಿತ್ರ ತೆಗೆದು, ಅನಂತರ ಬೇರೆ ದೃಶ್ಯಗಳ ಹಿನ್ನೆಲೆಯ ಮೇಲೆ ಅವರನ್ನು ಜೋಡಿಸಲಾಗಿತ್ತು. ನಿಂತ ನೆಲವೂ ಅವರದಲ್ಲ, ಹೆಸರೂ ಅವರದಲ್ಲ. ಅವರು ತಮ್ಮ ಜಾತಿಯ ಮಾದರಿಗಳು ಮಾತ್ರ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಸರ್ಕಾರವೇ ಹೊರತಂದ ಭಾರತದ ಜನಗಳ ಚಿತ್ರಸಂಗ್ರಹವೂ, 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶವೂ ಬಹುಮಟ್ಟಿಗೆ ಇದೇ ದೃಷ್ಟಿಯವು. ವಸಾಹತುಶಾಹಿಯನ್ನು ನಾವು ವಿಚಾರಸಂಕಿರಣಗಳಲ್ಲಿ ಸಾಕಷ್ಟು ಟೀಕಿಸಿದ್ದೇವೆ. ಆದರೆ ‘ಕರಾವಳಿಯ ಭೂತ ನರ್ತಕ’, ‘ಲಂಬಾಣಿ ಮಹಿಳೆ’, ‘ಕೋಳಿ ಮೀನುಗಾರ’ ಎಂದಷ್ಟೇ ಬರೆದು ನಾವು ಪ್ರದರ್ಶನಗಳಲ್ಲಿ ತೂಗುಹಾಕುವ ಚಿತ್ರಗಳು ಜಾನ್ಸನ್ನನ ಸಂಪುಟಗಳಿಂದ ಎಷ್ಟು ದೂರ ಬಂದಿವೆ ಎಂದು ನಮ್ಮನ್ನು ನಾವೇ ಕೇಳಿಕೊಂಡದ್ದು ಕಡಿಮೆ.

ಬೇರೆಯ ದಾರಿಯನ್ನು ತೋರಿಸಿದವರು ಕನ್ನಡದಲ್ಲಿ ಇಲ್ಲದಿಲ್ಲ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934-2002) ವೃತ್ತಿಯಿಂದ ವಿಜ್ಞಾನಿ, ಪ್ರವೃತ್ತಿಯಿಂದ ಪ್ರವಾಸಿ, ಲೇಖಕ, ಛಾಯಾಗ್ರಾಹಕ. ರಾಜಸ್ಥಾನ, ಬಂಗಾಳ, ಬಸ್ತರಗಳನ್ನು ಕುರಿತ ಅವರ ಪ್ರವಾಸಕಥನಗಳಲ್ಲಿ ಕಣ್ಣು ಮತ್ತು ಲೇಖನಿ ಒಟ್ಟಿಗೆ ಕೆಲಸ ಮಾಡಿವೆ. ಕರಾವಳಿಯ ದೇವಾಲಯಗಳ ಗೋಡೆಗಳ ಮೇಲೆ ಸುಣ್ಣದ ಗಾರೆಗೆ ಕಾವಿಮಣ್ಣಿನ ಬಣ್ಣ ಕೊಟ್ಟು ಕೊರೆದು ಮೂಡಿಸುತ್ತಿದ್ದ ಕಾವಿ ಕಲೆಯನ್ನು ಅವರು ಊರೂರು ಅಲೆದು ಚಿತ್ರಿಸಿದರು, ಅದರ ತಂತ್ರವನ್ನೂ ವಸ್ತುವನ್ನೂ ಬರೆದಿಟ್ಟರು. ಜೀರ್ಣೋದ್ಧಾರದ ಹೆಸರಿನಲ್ಲಿ ಅಂತಹ ಅನೇಕ ಗೋಡೆಗಳು ನೆಲಸಮವಾದ ಮೇಲೆ ಆ ಶ್ರಮದ ಬೆಲೆ ಏನೆಂಬುದು ತಿಳಿಯುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಪತ್ರಿಕಾ ಛಾಯಾಗ್ರಹಣದಲ್ಲಿ ಸಾಮಾನ್ಯ ಮನುಷ್ಯನ ದಿನನಿತ್ಯದ ಬದುಕನ್ನೇ ವಸ್ತುವಾಗಿಸಿಕೊಂಡವರು. ಉತ್ಸವದ ಗದ್ದಲಕ್ಕಿಂತ ಅದರ ಅಂಚಿನಲ್ಲಿರುವ ಮನುಷ್ಯನಿಗೂ ಒಂದು ಮುಖವಿದೆ ಎಂಬುದನ್ನು ಅವರ ಕೆಲಸದಿಂದ ಕಲಿಯಬಹುದು.

ಸಂಶೋಧನೆಯ ಕ್ಷೇತ್ರದಲ್ಲಿ ಎತ್ತಿ ಹೇಳಬೇಕಾದ ಉದಾಹರಣೆ ಸಿರಿ ಮಹಾಕಾವ್ಯದ ದಾಖಲಾತಿ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅನೆಲಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇವರ ತಂಡವು 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಕಾವ್ಯವನ್ನು ಧ್ವನಿ ಮತ್ತು ದೃಶ್ಯಗಳೆರಡರಲ್ಲಿಯೂ ಮುದ್ರಿಸಿಕೊಂಡಿತು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾದಾಗ ಗ್ರಂಥದ ಶೀರ್ಷಿಕೆಯಲ್ಲಿಯೇ ಹಾಡಿದವರ ಹೆಸರು ಇತ್ತು. ಇದು ಸಣ್ಣ ವಿಷಯವಲ್ಲ. ಕೃಷಿ ಮಾಡಿಕೊಂಡಿದ್ದ ಒಬ್ಬ ತುಳುವ ಗಾಯಕರು ‘ವಕ್ತೃ’ ಎಂಬ ಅನಾಮಧೇಯ ಸ್ಥಾನದಿಂದ ಕವಿಯ ಸ್ಥಾನಕ್ಕೆ ಬಂದರು. ಜಾನಪದಕ್ಕೆ ಕರ್ತೃವಿಲ್ಲ ಎಂಬ ಪಾಠವನ್ನು ನಾವು ತರಗತಿಗಳಲ್ಲಿ ಬಹುಕಾಲ ಹೇಳುತ್ತ ಬಂದದ್ದರಿಂದ, ಹೆಸರು ಕೇಳದಿರುವುದೇ ಶಾಸ್ತ್ರೀಯ ಎಂಬ ಭ್ರಮೆ ಬೆಳೆದಿತ್ತು. ಆ ಭ್ರಮೆಗೆ ಇದು ಉತ್ತರ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಛಾಯಾಚಿತ್ರ ಒಂದು ಸ್ವತಂತ್ರ ಕಲೆ, ಅದಕ್ಕೆ ಅಡಿಟಿಪ್ಪಣಿಯ ಊರುಗೋಲು ಏಕೆ, ಒಳ್ಳೆಯ ಚಿತ್ರ ತಾನೇ ಮಾತನಾಡುವುದಿಲ್ಲವೇ ಎಂದು ಕಲಾವಿದರು ಕೇಳಬಹುದು. ಕಲಾಕೃತಿಯ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಆದರೆ ದಾಖಲೆ ಎಂದು ಕರೆದುಕೊಂಡ ಕ್ಷಣದಿಂದ ಚಿತ್ರಕ್ಕೆ ಬೇರೆಯ ಋಣ ಅಂಟಿಕೊಳ್ಳುತ್ತದೆ. ತುಳುನಾಡಿನ ನೇಮವೊಂದನ್ನು ನೋಡೋಣ. ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಅರದಾಳ ಬಳಿದು, ತೆಂಗಿನ ಸಿರಿ ಉಟ್ಟು, ಗಗ್ಗರ ಕಟ್ಟಿ, ಅಣಿ ಏರಿಸಿಕೊಂಡು ಪಾತ್ರಿ ನಿಲ್ಲುವವರೆಗೆ ಎಷ್ಟೋ ಹೊತ್ತು ಸಾಗುತ್ತದೆ. ಬಣ್ಣ ಹಾಕುವ ಆ ವೇಳೆಯಲ್ಲಿ ಮನೆಯ ಹೆಂಗಸು ತೆಂಬರೆ ಬಡಿಯುತ್ತ ದೈವದ ಹುಟ್ಟು-ಪ್ರಸರಣಗಳ ಪಾಡ್ದನ ಹಾಡುತ್ತಾಳೆ. ಆ ಆಚರಣೆಯ ಚರಿತ್ರೆಯೆಲ್ಲ ಇರುವುದು ಆ ಹಾಡಿನಲ್ಲಿ. ಹೊರಗಿನಿಂದ ಬಂದ ಛಾಯಾಗ್ರಾಹಕ ಅಷ್ಟು ಹೊತ್ತು ಅಂಗಳದ ಆಚೆ ಚಹಾ ಕುಡಿಯುತ್ತ, ಅಣಿ ಏರಿದ ಮೇಲೆ ಮುನ್ನುಗ್ಗುತ್ತಾನೆ. ಅವನ ಚಿತ್ರದಲ್ಲಿ ಬೆಂಕಿ ಇದೆ, ಬಣ್ಣ ಇದೆ, ಹಾಡಿದವಳು ಇಲ್ಲ. ಚಿತ್ರ ತಾನೇ ಮಾತನಾಡುತ್ತದೆ ಎನ್ನುವವರು, ಅದು ಇಲ್ಲಿ ಏನನ್ನು ಬಿಟ್ಟು ಮಾತನಾಡುತ್ತಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಚಿತ್ರ ತೆಗೆಯಬಾರದ ಸಂದರ್ಭಗಳೂ ಇವೆ. 2022ರಲ್ಲಿ ‘ಕಾಂತಾರ’ ಚಲನಚಿತ್ರ ದೈವಾರಾಧನೆಯನ್ನು ದೇಶದ ಎಲ್ಲೆಡೆಯ ಪ್ರೇಕ್ಷಕರಿಗೆ ಪರಿಚಯಿಸಿತು. ಅದರ ಬೆನ್ನಿಗೇ ದೈವದ ವೇಷವನ್ನು ವೇದಿಕೆಗಳಲ್ಲಿ, ರಸ್ತೆಗಳಲ್ಲಿ ಅನುಕರಿಸುವುದರ ವಿರುದ್ಧ ತುಳುನಾಡಿನಲ್ಲಿ ತೀವ್ರ ಆಕ್ಷೇಪ ಕೇಳಿಬಂತು. ನೇಮದ ಚಿತ್ರೀಕರಣ ಬೇಡವೆನ್ನುವ ದೈವಸ್ಥಾನಗಳೂ ಇವೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ತಮ್ಮ ಅಂಗಳದಲ್ಲಿ ನಡೆಯುವುದನ್ನು ಯಾರು, ಯಾವ ಉದ್ದೇಶಕ್ಕೆ ಕೊಂಡೊಯ್ಯಬೇಕು ಎಂದು ನಿರ್ಧರಿಸುವ ಹಕ್ಕು ಆ ಸಮುದಾಯಕ್ಕೆ ಇದೆ ಎಂಬ ವಿವೇಕವನ್ನು ಅದರಲ್ಲಿ ಕಾಣುವುದು ಹೆಚ್ಚು ನ್ಯಾಯ. ಕಾನೂನಿನ ಪ್ರಕಾರ ಸಾಮಾನ್ಯವಾಗಿ ಛಾಯಾಚಿತ್ರದ ಕೃತಿಸ್ವಾಮ್ಯ ಅದನ್ನು ತೆಗೆದವನದು. ಹಾಡುವವರು, ಕುಣಿಯುವವರು ಮೊದಲಾದ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಧ್ವನಿಮುದ್ರಣ, ದೃಶ್ಯಮುದ್ರಣಗಳ ಮೇಲೆ ಹಕ್ಕು ದೊರೆತದ್ದು 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾದ ಮೇಲೆ. ಆದರೆ ನಲಿಕೆ, ಪಂಬದ, ಪರವ ಸಮುದಾಯಗಳ ಎಷ್ಟು ಕಲಾವಿದರಿಗೆ ಆ ಕಾನೂನಿನ ಅರಿವಿದೆ? ಅದನ್ನು ತಿಳಿಸಿ, ಅನುಮತಿ ಪಡೆದು, ಚಿತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಡುವುದು ಕ್ಷೇತ್ರಕಾರ್ಯದ ಮೊದಲ ಪಾಠವಾಗಬೇಕು.

ಮತ್ತೆ ಠಾಕುರ್ಲಿಗೆ ಬರೋಣ. ಇಲ್ಲಿನ ಕನ್ನಡ ಮನೆಗಳಲ್ಲಿ ಹೊರಗಿನ ಯಾವ ಪ್ರವಾಸಿಯೂ ತೆಗೆಯಲಾರದ ಚಿತ್ರಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ಮನೆಯ ನೇಮ, ತೇರು, ಕೋಲಗಳನ್ನು ತೆಗೆದ ಕಪ್ಪು-ಬಿಳುಪು ಚಿತ್ರಗಳು, ಗಲ್ಲಿಯ ಶನಿಪೂಜೆ, ನವರಾತ್ರಿಯ ಭಜನೆ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಕಲಾವಿದರ ಆಟ, ಸಂಘದ ನಾಟಕ, ಮದುವೆಯ ವಿಡಿಯೋ ಕ್ಯಾಸೆಟ್ಟುಗಳು — ಇವೆಲ್ಲ ಕಪಾಟಿನ ಮೇಲಿನ ತಗಡಿನ ಪೆಟ್ಟಿಗೆಗಳಲ್ಲಿವೆ. ಊರಿನಲ್ಲಿ ಹಳೆಯ ಗುಡಿ ಹೋಗಿ ಕಾಂಕ್ರೀಟಿನ ಗುಡಿ ಬಂದಿರಬಹುದು. ಹಳೆಯ ಗುಡಿಯ ಚಿತ್ರ ಠಾಕುರ್ಲಿಯ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ವಲಸೆ ಹೋದವನಿಗೆ ಊರು ಬಿಟ್ಟವನ ಕಾತರವಿರುವುದರಿಂದ, ಊರಿನಲ್ಲೇ ಇದ್ದವನು ತೆಗೆಯದ ಚಿತ್ರಗಳನ್ನು ಅವನು ತೆಗೆದಿರುತ್ತಾನೆ. ಈ ಸಂಗ್ರಹ ದಿನದಿನಕ್ಕೆ ಕರಗುತ್ತಿದೆ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಬಣ್ಣದ ಚಿತ್ರ ಕೆಂಪಿಗೆ ತಿರುಗುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ, ಡೊಂಬಿವಲಿ, ಬದಲಾಪುರಗಳ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ನೆಲಮಹಡಿಯ ಮನೆಗಳಲ್ಲಿ ನೀರುಪಾಲಾದ ಆಲ್ಬಮ್ಮುಗಳನ್ನು ಯಾರೂ ಲೆಕ್ಕ ಹಾಕಲಿಲ್ಲ. ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುವ ಈ ಕಾಲದಲ್ಲಿ ಮನೆ ಬದಲಿಸುವಾಗ ಮೊದಲು ಹೊರಬೀಳುವುದೂ ಆ ಪೆಟ್ಟಿಗೆಯೇ. ಎಲ್ಲಕ್ಕಿಂತ ಮಿಗಿಲಾದ ನಷ್ಟವೆಂದರೆ, ಚಿತ್ರದಲ್ಲಿರುವವರನ್ನು ಗುರುತಿಸಿ ಹೆಸರು ಹೇಳಬಲ್ಲ ತಲೆಮಾರು ಸರಿಯುತ್ತಿದೆ. ಎಂಬತ್ತು ದಾಟಿದ ಅಜ್ಜಿಯೊಬ್ಬಳು ತೀರಿಕೊಂಡರೆ ಪೆಟ್ಟಿಗೆ ಉಳಿದೀತು. ಅದರೊಳಗಿನ ಮುಖಗಳು ಅಂದಿನಿಂದ ಅಪರಿಚಿತರ ಮುಖಗಳಾಗುತ್ತವೆ.

ಆದ್ದರಿಂದ ಮಾಡಬೇಕಾದ ಕೆಲಸವನ್ನು ಇಲ್ಲಿ ಸ್ಪಷ್ಟವಾಗಿ ಹೇಳುವುದು ಅಗತ್ಯ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಕೆಲವನ್ನಾದರೂ ಒಂದು ಕುಟುಂಬದ, ಒಂದು ಗಲ್ಲಿಯ ಅಥವಾ ಒಂದು ಸಂಘದ ಚಿತ್ರಸಂಗ್ರಹಕ್ಕೆ ಮೀಸಲಿಡಬೇಕು. ವಿದ್ಯಾರ್ಥಿ ಮೂಲಚಿತ್ರವನ್ನು ಮನೆಯವರಿಂದ ಕಿತ್ತುಕೊಳ್ಳದೆ ಪ್ರತಿ ಮಾಡಿಕೊಳ್ಳಲಿ. ಹಿರಿಯರ ಎದುರು ಕುಳಿತು ಪ್ರತಿಯೊಂದು ಚಿತ್ರಕ್ಕೂ ಸ್ಥಳ, ಕಾಲ, ಸಂದರ್ಭ, ಚಿತ್ರದಲ್ಲಿರುವವರ ಹೆಸರು, ತೆಗೆದವರ ಹೆಸರು, ಹೇಳಿದವರ ಹೆಸರು ಇವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿ, ಕಲಬುರಗಿಯ ಕನ್ನಡದಲ್ಲಿ ಹೇಳಿದರೆ ಆ ಕನ್ನಡದಲ್ಲಿ ಅದು ಇರಲಿ. ಅಣಿಯ ಭಾಗಗಳ ಹೆಸರು, ಗುಡಿಯ ಅಡುಗೆಯ ಹೆಸರು, ವಾದ್ಯದ ಹೆಸರು ಹೀಗೆ ನಿಘಂಟುಗಳಿಗೆ ಸೇರದ ಎಷ್ಟೋ ಶಬ್ದಗಳು ಈ ನೆಪದಲ್ಲಿ ದೊರೆಯುತ್ತವೆ. ಭಾಷಾಧ್ಯಯನಕ್ಕೆ ಅದೇ ಒಂದು ಲಾಭ. ಯಾವ ಚಿತ್ರವನ್ನು ಹೊರಗೆ ತೋರಿಸಬಾರದೆಂದು ಮನೆಯವರು ಹೇಳುತ್ತಾರೋ ಅದನ್ನು ಹಾಗೆಯೇ ಕಾಪಾಡಬೇಕು. ಈ ಕೆಲಸ ಕನ್ನಡಿಗರ ಮನೆಗಳಲ್ಲಿಯೇ ನಿಲ್ಲಬಾರದು. ನೆರೆಯ ಆಗರಿ ಜನರ ಗಾಂವದೇವಿಯ ಜಾತ್ರೆ, ಕೋಳಿ ಜನರ ನಾರಳಿ ಪೂರ್ಣಿಮೆ, ಅಂಬರನಾಥದ ಶಿವರಾತ್ರಿ ಇವುಗಳನ್ನು ಮರಾಠಿ ವಿಭಾಗದ ಮಿತ್ರರೊಡನೆ ಸೇರಿ ದಾಖಲಿಸಬೇಕು. ನಾವು ನೆಲೆನಿಂತ ನೆಲದ ಹಬ್ಬವನ್ನು ಅರಿಯದೆ ನಮ್ಮ ಹಬ್ಬವನ್ನು ಮಾತ್ರ ಕಾಪಾಡುತ್ತೇವೆ ಎನ್ನುವುದು ಹೊರನಾಡ ಕನ್ನಡಿಗನಿಗೆ ಶೋಭಿಸುವ ಮಾತಲ್ಲ.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಡೊಂಬಿವಲಿ ಕರ್ನಾಟಕ ಸಂಘವೂ ಅದರ ಮಂಜುನಾಥ ವಿದ್ಯಾಸಂಸ್ಥೆಗಳೂ ಈ ಪರಿಸರದಲ್ಲಿಯೇ ಇವೆ. ಉಪನಗರಗಳ ಇತರ ಸಂಘ-ಸಂಸ್ಥೆಗಳಿವೆ. ಸಂಘಗಳು ಮನೆಗಳ ಬಾಗಿಲು ತೆರೆಸಬಲ್ಲವು, ವಿಭಾಗಗಳು ಕ್ರಮವನ್ನು ಕಲಿಸಬಲ್ಲವು. ವಾರ್ಷಿಕೋತ್ಸವದ ದಿನ ಇನ್ನೊಂದು ಸನ್ಮಾನದ ಬದಲು ಹಳೆಯ ಚಿತ್ರಗಳ ಒಂದು ಪ್ರದರ್ಶನವನ್ನು ಏರ್ಪಡಿಸಿ, ಪ್ರತಿ ಚಿತ್ರದ ಕೆಳಗೂ ಖಾಲಿ ಹಾಳೆಯೊಂದನ್ನು ಅಂಟಿಸಿದರೆ ಸಾಕು. ನೋಡಲು ಬಂದ ಹಿರಿಯರೇ ಹೆಸರುಗಳನ್ನು ತುಂಬುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ಜಗಳವನ್ನೂ ಆಡುತ್ತಾರೆ. ಆ ಜಗಳವೂ ದಾಖಲೆಗೆ ಸೇರಬೇಕು.

ಹಳಗನ್ನಡದ ಶಾಸನಕಾರನು ಅರಸನ ದಾನವನ್ನು ಬರೆದ ಶ್ರದ್ಧೆಯಿಂದಲೇ ಹಳ್ಳಿಯ ತುರುಗಾಳಗದಲ್ಲಿ ಮಡಿದವನ ಹೆಸರನ್ನೂ ಕಲ್ಲಿನಲ್ಲಿ ಕಡೆಯಿಸಿದ. ಚಿತ್ರ ಒಂದಾಗಿ, ಬರಹ ಒಂದಾಗಿ ಅವನಿಗೆ ತೋರಲಿಲ್ಲ. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ಕನ್ನಡ ವಿಭಾಗಗಳು, ಕುಣಿದವನ, ಹಾಡಿದವಳ, ತೇರು ಎಳೆದವರ ಹೆಸರನ್ನು ಒಂದು ಚೂರು ಕಾಗದದ ಮೇಲಾದರೂ ಬರೆದಿಡಲು ಇನ್ನು ತಡಮಾಡಬಾರದು.